ರಾತ್ರಿ ಎರಡಾದರೂ ನಿದ್ದೆ ಹತ್ತಲ್ಲ ಡಾಕ್ಟ್ರೇ, ಅಲರ್ಜಿ ಮಾತ್ರೆ ತಗೋಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಊರು ಶಿರಾ ಕಡೆ, ತುಮಕೂರಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂ.ಎಸ್ಸಿ. ಓದ್ತಿದ್ದೀನಿ. ರೂಮಲ್ಲಿ ನಾಲ್ಕು ಜನ, ಲೈಟ್ ಆರೋದೇ ಒಂದು ಗಂಟೆಗೆ. ಎರಡಾದರೂ ನಿದ್ದೆ ಬರಲ್ಲ. ಏಳೂವರೆಗೆ ಎದ್ದು ಕ್ಲಾಸಿಗೆ ಹೋದರೆ ತೂಕಡಿಕೆ. ಭಾನುವಾರ ಮಧ್ಯಾಹ್ನದವರೆಗೂ ಮಲಗಿದರೂ ಸುಸ್ತು ಹೋಗಲ್ಲ. ಫ್ರೆಂಡ್ ಅಲರ್ಜಿ ಮಾತ್ರೆ ತಗೋ ಅಂತಿದ್ದಾನೆ.

ವೈದ್ಯರ ಉತ್ತರ: ಮಾತ್ರೆ ಖಂಡಿತ ಬೇಡ. ಅದನ್ನ ನುಂಗಿದಾಗ ಬರೋ ಮಂಪರು ಅದರ ಅಡ್ಡಪರಿಣಾಮ ಅಷ್ಟೇ. ಮಾರನೇ ದಿನವೂ ತಲೆ ಭಾರ ಇರುತ್ತೆ, ಕೆಲವೇ ದಿನಗಳಲ್ಲಿ ಮೈಗೆ ಒಗ್ಗಿ ನಿದ್ದೆಯೂ ಬರದ ಹಾಗಾಗುತ್ತೆ.

ನನಗೆ ಮುಖ್ಯ ಅನ್ನಿಸಿದ್ದು ನಿಮ್ಮ ಭಾನುವಾರ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತೆ, ರಾತ್ರಿ ಕಣ್ಣು ಎಳೆಯೋದು ಅದರಿಂದ. ಮಧ್ಯಾಹ್ನ ಹನ್ನೆರಡಕ್ಕೆ ಎದ್ದವರಿಗೆ ರಾತ್ರಿ ಹನ್ನೊಂದಕ್ಕೆ ಅದು ಸಾಕಷ್ಟು ಸೇರಿರಲ್ಲ. ಜೊತೆಗೆ ದೇಹದ ಗಡಿಯಾರವೂ ಹಿಂದೆ ಬೀಳುತ್ತೆ. ಸೋಮವಾರದ ತೂಕಡಿಕೆ ಅಲ್ಲಿಂದಲೇ ಶುರು. ಮಲಗೋ ಹೊತ್ತನ್ನ ಬಲವಂತ ಮಾಡೋಕಾಗಲ್ಲ, ಏಳೋ ಹೊತ್ತನ್ನ ಮಾಡಬಹುದು. ಭಾನುವಾರವೂ ಎಂಟೂವರೆ ದಾಟಿಸಬೇಡಿ. ಎದ್ದ ಕೂಡಲೇ ಸ್ವಲ್ಪ ಹೊತ್ತು ಬಿಸಿಲಲ್ಲಿ ಓಡಾಡಿ.

ನಿಮ್ಮ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು, ನಿಮಗೆ ಸಿಗ್ತಿರೋದು ಐದೂವರೆ. ಹದಿಹರೆಯದಿಂದ ಇಪ್ಪತ್ತರ ಆಸುಪಾಸಿನವರೆಗೆ ದೇಹದ ಗಡಿಯಾರ ತಾನಾಗೇ ತಡವಾಗಿ ಓಡುತ್ತೆ. ಮನೆಯವರು ಇದನ್ನ ಸೋಮಾರಿತನ ಅಂತ ಬೈಯೋದು ನನಗೆ ಬೇಸರದ ವಿಷಯ.

ಸಂಜೆ ಮೇಲೆ ಟೀ-ಕಾಫಿ ಬಿಡಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದರೂ ರಕ್ತದಲ್ಲಿರುತ್ತೆ. ರೂಮಿನವರ ಹತ್ತಿರ ಕೂತು ಮಾತಾಡಿ: ಹನ್ನೊಂದೂವರೆಗೆ ದೊಡ್ಡ ಲೈಟ್ ಆರಲಿ, ಓದೋರು ಟೇಬಲ್ ಲ್ಯಾಂಪ್ ಹಚ್ಚಲಿ. ಒಪ್ಪದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಮೊಬೈಲ್ ಹಾಸಿಗೆಯಿಂದ ದೂರ ಇಡಿ.

ಇನ್ನೊಬ್ಬ ಸದಸ್ಯೆ: ನಾನು ದಿನಾ ರೈಲಲ್ಲಿ ತುಮಕೂರಿಂದ ಬೆಂಗಳೂರಿಗೆ ಕಾಲೇಜಿಗೆ ಹೋಗಿ ಬರ್ತೀನಿ ಸರ್. ಟ್ರೇನಲ್ಲಿ ಮಲಗೋದು ಲೆಕ್ಕಕ್ಕೆ ಬರುತ್ತಾ?

ವೈದ್ಯರು: ಬೆಳಗ್ಗೆ ಹೋಗುವಾಗ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಒಳ್ಳೇದೇ ಆಗುತ್ತೆ. ಸಂಜೆ ವಾಪಸ್ ಬರುವಾಗ ಮಲಗಬೇಡಿ, ಆ ನಿದ್ದೆ ರಾತ್ರಿ ನಿದ್ದೆಯನ್ನ ತಿಂದುಹಾಕುತ್ತೆ.

ಮೊದಲು ಕೇಳಿದವರು: ಲೈಟ್ ಆರಿದರೂ ಮನೆ ಸಾಲದ ಚಿಂತೆ ತಲೇಲಿ ಸುತ್ತುತ್ತೆ ಸರ್. ಅದನ್ನ ಬರೆಯೋಕೆ ಸಂಕೋಚ ಆಗಿತ್ತು.

ವೈದ್ಯರು: ಬರೆದಿದ್ದು ಒಳ್ಳೇದಾಯ್ತು. ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಹೊರಳಾಡುತ್ತಾ ಬಿದ್ದಿರಬೇಡಿ. ಎದ್ದು ಕೂತು, ಚಿಂತೆಗಳನ್ನ ಕಾಗದದ ಮೇಲೆ ಬರೆದು, ಕಣ್ಣು ಎಳೆದಾಗ ಮಲಗಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಆದರೆ ಅದು ಚಿಕಿತ್ಸೆ ಬೇಕಾದ ನಿದ್ರಾಹೀನತೆ. ಆದರೆ ಮನಸ್ಸು ಕುಗ್ಗಿದ್ದರೆ ಅಲ್ಲಿಯವರೆಗೆ ಕಾಯಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಉಚಿತವಾಗಿ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.