ಬೇಲೂರಿನಲ್ಲಿ ನನ್ನ ಕೆಲಸ, ವಿದ್ಯಾನಗರದಲ್ಲಿ ಹೆಂಡತಿ ಕೆಲಸ: ಮನೆ ಎಲ್ಲಿ ಮಾಡಲಿ?

ಕೇಳಿದವರು: ನನಗೆ ಧಾರವಾಡದ ಆಚೆ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ. ಹೆಂಡತಿ ಹುಬ್ಬಳ್ಳಿ ವಿದ್ಯಾನಗರದಲ್ಲಿ ನರ್ಸ್. ಮಗಳು ಒಂದನೇ ಕ್ಲಾಸ್. ಬಾಡಿಗೆ 9,000ದೊಳಗೆ ಬೇಕು. ಅನುಭವ ಇದ್ದವರು ಹೇಳಿ.

ನವನಗರದವರು: ಇಬ್ಬರಿಗೂ ನಡುವೆ ಆಗುತ್ತದೆ ಅಂತ 2019ರಲ್ಲಿ ನವನಗರಕ್ಕೆ ಬಂದೆವು. ಹೆಂಡತಿಗೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ವರವಾಯಿತು. ನನಗೆ ಆಗಲಿಲ್ಲ. ಚಿಗರಿ ಧಾರವಾಡಕ್ಕೇ ಮುಗಿಯುತ್ತದೆ, ಬೇಲೂರು ಅಲ್ಲಿಂದ ಮುಂದೆ. ಮೊದಲ ಶಿಫ್ಟಿಗೆ 6 ಗಂಟೆಗೆ ಗೇಟಿನಲ್ಲಿರಬೇಕು, ಹಾಗಾಗಿ ಬೈಕೇ ಗತಿ. ಪೆಟ್ರೋಲಿಗೆ ತಿಂಗಳಿಗೆ 3,200. ವರ್ಷಕ್ಕೆ ಎರಡು ಟೈರು, ಒಂದು ಚೈನ್ ಸೆಟ್. ಮೂರನೇ ಮಳೆಗಾಲದಲ್ಲಿ ನರೇಂದ್ರ ಕ್ರಾಸ್ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ 14,600. 19 ದಿನ ಸಂಬಳವಿಲ್ಲ. ಈಗಲೂ ಚಳಿಗೆ ಕೈ ನೋಯುತ್ತದೆ.

ಸಪ್ತಾಪುರದವರು: ಅದಕ್ಕೇ ಧಾರವಾಡದಲ್ಲೇ ಇರಬೇಕು. ನಾನು ಸಪ್ತಾಪುರದಲ್ಲಿ ನಾಲ್ಕು ವರ್ಷ ಆರಾಮಾಗಿದ್ದೆ. ಆಮೇಲೆ ಓನರು ಕೋಚಿಂಗ್ ಹುಡುಗರಿಗೆ ರೂಮು ಮಾಡ್ತೀನಿ ಅಂತ ಬಿಡಿಸಿದರು. ಮೂವರು ಹುಡುಗರನ್ನು ಇಟ್ಟರೆ ಒಂದು ಸಂಸಾರದ ಬಾಡಿಗೆಗಿಂತ ಜಾಸ್ತಿ ಬರುತ್ತದೆ, ಅಲ್ವಾ? 60,000 ಡಿಪಾಸಿಟ್‌ನಲ್ಲಿ ಪೇಂಟಿಂಗ್ ಅಂತ 11,000 ಹಿಡಿದರು. ಗೋಡೆಗೆ ಒಂದು ಮೊಳೆ ಕೂಡ ಹೊಡೆದಿರಲಿಲ್ಲ ನಾನು.

ತಾರಿಹಾಳ ಕಡೆಯವರು: ಬಾಡಿಗೆ ಮನೆ ಅಂದರೆ ಇಷ್ಟೇ. ನಾನು ಹುಬ್ಬಳ್ಳಿಯ ತಾರಿಹಾಳ ಕಡೆ ಸಾಲ ಮಾಡಿ ಸ್ವಂತ ಮನೆ ಕಟ್ಟಿಸಿದೆ. ನೀರು ಎಂಟು ದಿನಕ್ಕೊಮ್ಮೆ, ಟ್ಯಾಂಕರಿಗೆ 700. ಆದರೂ ಬಿಡು ಅನ್ನೋರಿಲ್ಲ. ನನಗೆ ಸಾಕಾಗಿರೋದು ಕಚೇರಿ ಓಡಾಟ. ಪಾಲಿಕೆ ಹುಬ್ಬಳ್ಳಿಯಲ್ಲಿ, ಡಿಸಿ ಆಫೀಸು ಧಾರವಾಡದಲ್ಲಿ. ಒಂದು ಕಾಗದಕ್ಕೆ ಮೂರು ರಜೆ ಹೋದವು.

ಸಪ್ತಾಪುರದವರು: ಬೆಳಿಗ್ಗೆಯಿಂದ ಸಂಜೆವರೆಗೆ ಧಾರವಾಡವನ್ನೇ ಬೈಯಬೇಡಿ. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಪಾಲಿಕೆ ಮಾಡಿದ ಮೇಲೆ ಮನೆ ಕಾಗದದ ಕೆಲಸಕ್ಕೆ ಹುಬ್ಬಳ್ಳಿಗೆ ಓಡಿದವರು ನಾವು. ಪ್ರತ್ಯೇಕ ಪಾಲಿಕೆ ಕೇಳಿದ್ದು ಸುಮ್ನೆ ಅಲ್ಲ.

ತಾರಿಹಾಳ ಕಡೆಯವರು: ಹೈಕೋರ್ಟ್ ಪೀಠ ನಿಮಗೆ, ಐಐಟಿ ನಿಮಗೆ, ಯೂನಿವರ್ಸಿಟಿ ನಿಮಗೆ. ಇನ್ನೂ ದೂರು?

ಸಪ್ತಾಪುರದವರು: ರೈಲ್ವೆ ವಲಯ ಕಚೇರಿ, ವಿಮಾನ ನಿಲ್ದಾಣ, ಕಿಮ್ಸ್ ಆಸ್ಪತ್ರೆ ಎಲ್ಲಿವೆ? ನನ್ನ ತಂದೆಗೆ ರಾತ್ರಿ ಎರಡಕ್ಕೆ ಎದೆನೋವು ಬಂದಾಗ ಹುಬ್ಬಳ್ಳಿಗೇ ಓಡಿಸಿದೆ. ಆ 20 ಕಿ.ಮೀ. ನಿಮಗೆ ಗೊತ್ತಿಲ್ಲ.

ನವನಗರದವರು: ನವನಗರದಲ್ಲಿದ್ದಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು. ಕೈ ಮುರಿದರೂ ನಾನು ಮನೆ ಬದಲಿಸಲಿಲ್ಲ. ಹೆಂಡತಿ ರಾತ್ರಿ ಪಾಳಿ ಮುಗಿಸಿ ಸ್ಟಾಪಿನಿಂದ ಆರೇ ನಿಮಿಷಕ್ಕೆ ಮನೆ ಸೇರುತ್ತಾಳೆ, ಅದಕ್ಕೆ.