‘ಫಸ್ಟ್ ಸ್ಟೇಜ್’ಗೆ ‘ಮೊದಲ ಹಂತ’ ಎಂದರೆ ಸರಿಯಾಗುತ್ತದೆಯೇ? (ಸ್ಕೂಬಾ ರೆಗ್ಯುಲೇಟರ್ ಪದಗಳು)

ಎಲ್ಲರಿಗೂ ನಮಸ್ಕಾರ.

ಸ್ಕೂಬಾ ಡೈವಿಂಗ್ (ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಕಲಿತು, ಇನ್ನು ಸ್ವಂತ ರೆಗ್ಯುಲೇಟರ್ ಕೊಳ್ಳೋಣ ಎನ್ನುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುವ ಕನ್ನಡಿಗರು ಈಗ ಬೇಕಾದಷ್ಟು ಜನ ಇದ್ದಾರೆ. ಉಸಿರು ನಿಂತಿರುವುದೇ ಈ ಸಲಕರಣೆಯ ಮೇಲೆ. ಹಾಗಾಗಿ ಓದಿದವರಿಗೆ ಒಂದು ಪದವೂ ತಪ್ಪಾಗಿ ಅರ್ಥವಾಗಬಾರದು.

‘ರೆಗ್ಯುಲೇಟರ್’ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ಎಲ್ಲರಿಗೂ ಗೊತ್ತು. ಇದರ ಕೆಲಸವೂ ಹೆಚ್ಚುಕಡಿಮೆ ಅದೇ, ಸಿಲಿಂಡರಿನೊಳಗಿನ ಜೋರು ಒತ್ತಡವನ್ನು ಇಳಿಸಿ ಹೊರಗೆ ಬಿಡುವುದು. ‘ನಿಯಂತ್ರಕ’ ಎಂದು ಯಾರೂ ಅಂಗಡಿಯಲ್ಲಿ ಕೇಳುವುದಿಲ್ಲ.

ತೊಡಕಿರುವುದು ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಎಂಬಲ್ಲಿ. ತುಂಬಿದ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್ (ದಡದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್). ಸಿಲಿಂಡರಿನ ವಾಲ್ವಿಗೆ ಕೂರುವ ಲೋಹದ ಭಾಗ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚು ಇರುವಷ್ಟಕ್ಕೆ ಇಳಿಸುತ್ತದೆ. ಇದು ಫಸ್ಟ್ ಸ್ಟೇಜ್. ಬಾಯಲ್ಲಿ ಕಚ್ಚಿಕೊಳ್ಳುವ ಭಾಗ ಅದನ್ನು ಇನ್ನೂ ಇಳಿಸಿ, ನೀರಿನ ಒತ್ತಡಕ್ಕೆ ಸಮ ಮಾಡಿ, ನಾವು ಉಸಿರೆಳೆದಾಗ ಮಾತ್ರ ಗಾಳಿ ಕೊಡುತ್ತದೆ. ಇದು ಸೆಕೆಂಡ್ ಸ್ಟೇಜ್.

ಈಗ ಈ ವಾಕ್ಯ ನೋಡಿ: ‘ಮೊದಲ ಹಂತವನ್ನು ಸಿಲಿಂಡರಿಗೆ ಜೋಡಿಸಿ.’ ಕನ್ನಡದಲ್ಲಿ ಹಂತ ಎಂದರೆ ಕೈಗೆ ಸಿಗುವ ವಸ್ತುವಲ್ಲ, ಅಲ್ವಾ? ‘ಎರಡನೇ ಹಂತದಲ್ಲಿ ನೀರು ಬಂದರೆ’ ಎಂದರಂತೂ ಡೈವಿನ ಯಾವುದೋ ಘಟ್ಟದ ಮಾತು ಅನ್ನಿಸುತ್ತದೆ. ಇದಕ್ಕೆ ಕಾರಣ ಹಳೆಯದು. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ತೊ ಮತ್ತು ಗಾನ್ಯಾಂ ಅಕ್ವಾಲಂಗ್ ಎಂಬ, ನೀರಿನೊಳಗೆ ಉಸಿರಾಡುವ ಸಲಕರಣೆಯನ್ನು ರೂಪಿಸಿದರು. ಆ ಕಾಲದ ಜೋಡಿ ಕೊಳವೆಯ ರೆಗ್ಯುಲೇಟರುಗಳಲ್ಲಿ ಒತ್ತಡ ಇಳಿಸುವ ಎರಡೂ ಹಂತಗಳು ಬೆನ್ನ ಹಿಂದಿನ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು. ಆಮೇಲೆ ಎರಡನೆಯದು ಬಾಯಿಯ ಬಳಿಗೆ ಬಂತು. ಕೆಲಸದ ಹೆಸರೇ ಭಾಗದ ಹೆಸರಾಗಿ ಉಳಿಯಿತು. ನಾವೂ ಅದನ್ನೇ ಹಿಡಿದುಕೊಳ್ಳಬೇಕಾಗಿಲ್ಲ. ‘ಸಿಲಿಂಡರ್ ತುದಿ’, ‘ಬಾಯಿ ತುದಿ’ ಎಂದು ಬರೆದು ನೋಡಿದೆ, ವಾಕ್ಯಗಳು ಸರಾಗವಾಗಿ ಬಂದವು. ಆದರೆ ಡೈವ್ ಸೆಂಟರಿನಲ್ಲಿ ಎಲ್ಲರೂ ಹೇಳುವುದು ಇಂಗ್ಲಿಷ್ ಹೆಸರನ್ನೇ. ಮೊದಲ ಸಲ ಬಂದಾಗ ಎರಡನ್ನೂ ಹೇಳಿ, ಮುಂದೆ ಕನ್ನಡದ್ದನ್ನು ಬಳಸಿದರೆ ಸಾಕೇ?

ಇನ್ನೊಂದು ಪದ ‘ಬ್ಯಾಲೆನ್ಸ್ಡ್’. ಕೊಳ್ಳುವವರು ಮೊದಲು ವಿಚಾರಿಸಬೇಕಾದ್ದೇ ಇದನ್ನು. ಸಾದಾ ರೆಗ್ಯುಲೇಟರಿನಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ಉಸಿರೆಳೆಯುವುದು ಬಿಗಿಯಾಗುತ್ತದೆ. ಆಳ ಹೋದಷ್ಟೂ ಅದು ಜಾಸ್ತಿ ಗೊತ್ತಾಗುತ್ತದೆ. 30 ಮೀಟರಿನಲ್ಲಿ ಒತ್ತಡ 4 ಬಾರ್. ಅಂದರೆ ಒಂದೊಂದು ಉಸಿರಿಗೂ ದಡದಲ್ಲಿ ಬೇಕಾಗುವುದರ ನಾಲ್ಕರಷ್ಟು ಗಾಳಿ ಸಿಲಿಂಡರಿನಿಂದ ಹೋಗುತ್ತದೆ. ಬ್ಯಾಲೆನ್ಸ್ಡ್ ಆದದ್ದರಲ್ಲಿ ಸಿಲಿಂಡರಿನ ಒತ್ತಡ ಒಳಗಿನ ವಾಲ್ವಿನ ಎರಡೂ ಕಡೆ ಸಮನಾಗಿ ಬೀಳುತ್ತದೆ. ಆದ್ದರಿಂದ 200 ಬಾರ್ ಇದ್ದಾಗಲೂ 50 ಇದ್ದಾಗಲೂ ಉಸಿರು ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. 18 ಮೀಟರಿನೊಳಗೇ ಇರುವವರಿಗೆ ಸಾದಾದೂ ನಡೆಯುತ್ತದೆ, ಆಳಕ್ಕೆ ಹೋಗುವವರು ಇದನ್ನೇ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ‘ಸಮತೋಲಿತ’ ಎಂದರೆ ವಾಲದೆ ನಿಲ್ಲುವಂಥದ್ದು ಎಂದಾಗಿಬಿಡುತ್ತದೆ. ‘ಒತ್ತಡ ಸರಿದೂಗಿಸುವ ರೆಗ್ಯುಲೇಟರ್’ ನನಗೆ ಹಿಡಿಸಿದೆ. ಖರ್ಚು ಸರಿದೂಗಿಸುವ ಮಾತಿನ ನೆನಪು ಬಂದರೂ ಅರ್ಥ ಕೆಡುವುದಿಲ್ಲ ಅನ್ನಿಸುತ್ತದೆ.

ಕೊನೆಯದು ‘ಎನ್ವಿರಾನ್ಮೆಂಟಲ್ ಸೀಲ್’. ಇಲ್ಲಿ ‘ಪರಿಸರ’ ಎಂದು ಬರೆದರೆ ಕೆಟ್ಟಿತು, ಓದಿದವರು ಪರಿಸರಸ್ನೇಹಿ ಎಂದುಕೊಳ್ಳುತ್ತಾರೆ. ನಿಜವಾಗಿ ಇದು ಸಿಲಿಂಡರ್ ತುದಿಯ ಸ್ಪ್ರಿಂಗ್ ಇರುವ ಜಾಗಕ್ಕೆ ನೀರು ಹೋಗದಂತೆ ಮಾಡುವ ಏರ್ಪಾಟು. 10 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಿ, ಗಾಳಿ ನಿಲ್ಲದೆ ಹರಿಯತೊಡಗಬಹುದು. ನಮ್ಮ ಕಡಲಿನಲ್ಲಿ ಆ ಭಯ ಇಲ್ಲ, ಬರೀ ಇದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಉಪ್ಪು, ಮರಳು ಒಳಗೆ ಸೇರುವುದಿಲ್ಲ ಎಂಬ ಲಾಭವಂತೂ ಇದೆ. ‘ನೀರು ಸೇರದ’ ಎಂದರೆ ಉಳಿದವು ಸೋರುತ್ತವೆ ಎಂದಾಗುತ್ತದೆ. ‘ಸ್ಪ್ರಿಂಗಿಗೆ ಮುಚ್ಚಳವಿರುವ’ ಎಂದರೆ ಹೇಗೆ?

ಆಕ್ಟೋಪಸ್ (ತುರ್ತಿಗೆಂದು ಇರುವ ಇನ್ನೊಂದು ಬಾಯಿ ತುದಿ), ಯೋಕ್, ಡಿನ್ (ಸಿಲಿಂಡರಿಗೆ ಜೋಡಿಸುವ ಎರಡು ಬಗೆಗಳು) ಇವನ್ನು ಮುಟ್ಟಿಲ್ಲ. ಅಂಗಡಿಯಲ್ಲೂ ದೋಣಿಯಲ್ಲೂ ಅವೇ ಹೆಸರು.

ಗ್ಯಾಸ್ ವೆಲ್ಡಿಂಗ್ ಕೆಲಸದಲ್ಲೂ ಎರಡು ಸ್ಟೇಜಿನ ರೆಗ್ಯುಲೇಟರ್ ಬರುತ್ತದೆ. ಹುಬ್ಬಳ್ಳಿ, ಮಂಗಳೂರು ಕಡೆಯ ವರ್ಕ್‌ಶಾಪುಗಳಲ್ಲಿ ಆ ಭಾಗಗಳಿಗೆ ಏನೆನ್ನುತ್ತಾರೆ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.