ಯಾವ ಹೆಗಡೆ, ಯಾವ ಗೌಡ?

ಮಗುವಿನ ಬರ್ತ್ ಸರ್ಟಿಫಿಕೇಟಿನಲ್ಲಿ ಸರ್‌ನೇಮ್ ಏನು ಬರೆಸಲಿ ಅಂತ ಕೇಳಿದ್ದೀರಿ. ಈ ಥ್ರೆಡ್‌ನಲ್ಲಿ ಮೇಲೆ ಸುಮಾರು ಜನ "ಸುಮ್ನೆ ಗೌಡ ಅಂತ ಹಾಕಿ, ಎಲ್ಲರಿಗೂ ಗೊತ್ತಿರುವ ಹೆಸರು" ಅಂದಿದ್ದಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ.

ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ಎರಡೂ ಇನಿಶಿಯಲ್. ಎಚ್.ಡಿ. ದೇವೇಗೌಡರನ್ನೇ ತಗೊಳ್ಳಿ. ಹರದನಹಳ್ಳಿ ಊರು, ದೊಡ್ಡೇಗೌಡರು ತಂದೆ. ಮಗ ಎಚ್.ಡಿ. ಕುಮಾರಸ್ವಾಮಿ. ಅದೇ ಎಚ್.ಡಿ., ಆದರೆ ಇಲ್ಲಿ 'ಡಿ' ಅಂದರೆ ದೇವೇಗೌಡ! ಇದನ್ನು ಇಲ್ಲಿ ವಿದೇಶದ ಸ್ಕೂಲ್ ಆಫೀಸಿನಲ್ಲಿ ಕೂತು ವಿವರಿಸಿ ನೋಡೋಣ.

ಇನ್ನು 'ಎಲ್ಲರಿಗೂ ಗೊತ್ತಿರುವ' ಗೌಡ ಅಂದರೆ ಯಾರು? ಮಂಡ್ಯದ ಒಕ್ಕಲಿಗರೂ ಗೌಡರೇ, ಸುಳ್ಯದ ಅರೆಭಾಷೆಯವರೂ ಗೌಡರೇ. ಅಂಕೋಲೆಯಲ್ಲಿ ಗಿಡ ಬೆಳೆಸಿ ಪದ್ಮಶ್ರೀ ಪಡೆದ ತುಳಸಿ ಗೌಡ ಹಾಲಕ್ಕಿ ಸಮುದಾಯದವರು. ಉತ್ತರ ಕರ್ನಾಟಕದಲ್ಲಿ ಊರ ಗೌಡಿಕೆ ಮಾಡಿದ ಲಿಂಗಾಯತರ ಮನೆಯವರೂ ಗೌಡರು. ಅದೇ ಕೆಲಸ ಮಾಡಿದ ಇನ್ನೊಂದು ಮನೆಯವರು ಪಾಟೀಲರು. ಊರ ಯಜಮಾನಿಕೆಯ ಹೆಸರು ಇದು, ಒಂದೇ ಕುಲದ್ದಲ್ಲ.

ಹೆಗಡೆ ಇನ್ನೂ ಮಜಾ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಸಿದ್ದಾಪುರದ ಹವ್ಯಕ ಬ್ರಾಹ್ಮಣರು. ಲೋಕಸಭಾ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆ ಕರಾವಳಿಯ ಬಂಟರು. ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಕನ್ನಡದಲ್ಲಿ ಬರೆದಾಗ ಹೆಗಡೆ, ಹೆಗ್ಡೆ, ಹೆಗ್ಗಡೆ ಅಂತ ಸ್ವಲ್ಪವಾದರೂ ಸುಳಿವು ಸಿಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಮೊದಲ ಎರಡೂ ಒಂದೇ. ಶೆಟ್ಟಿಯದ್ದೂ ಇದೇ ಕಥೆ: ಮಂಗಳೂರಿನ ಬಂಟರು, ಬೆಂಗಳೂರಿನ ಆರ್ಯವೈಶ್ಯರು, ಹುಬ್ಬಳ್ಳಿ ಕಡೆ ಹೋದರೆ ಶೆಟ್ಟರ್. ನಾಯಕ್ ಬಗ್ಗೆ ಶುರು ಮಾಡಿದರೆ ಈ ಥ್ರೆಡ್ ಮುಗಿಯುವುದಿಲ್ಲ ಬಿಡಿ.

ಅದಕ್ಕೇ ನಮ್ಮ ಯುಗಾದಿ ಊಟದಲ್ಲಿ ಹೊಸಬರು ಹೆಸರು ಹೇಳಿದ ತಕ್ಷಣ "ಯಾವ ಶೆಟ್ಟಿ?" ಅಂತ ಕೇಳುತ್ತೇವಲ್ಲ, ಅದು ನನಗೆ ಇಷ್ಟವಾಗುವುದಿಲ್ಲ. ಕೇಳುವುದು ಜಾತಿಯನ್ನೇ, ಊರನ್ನಲ್ಲ. ಪಕ್ಕದಲ್ಲೇ ನಿಂತ ಮಕ್ಕಳು ಅದನ್ನು ಬೇಗ ಕಲಿಯುತ್ತಾರೆ.

ನಿಮ್ಮ ಪ್ರಶ್ನೆಗೆ ಬಂದರೆ, ಕಾಲಂ ಖಾಲಿ ಮಾತ್ರ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಅಂತ ಕೂರುತ್ತದೆ. ನಿಮ್ಮ ಮನೆಯಲ್ಲಿ ಯಾರೂ ಗೌಡ ಅಂತ ಬರೆದುಕೊಂಡಿಲ್ಲ ಅಂದಿರಿ, ಅಲ್ವಾ? ಹಾಗಿದ್ದರೆ ಅಪ್ಪನ ಅಥವಾ ಅಮ್ಮನ ಹೆಸರನ್ನೇ ಹಾಕಿ, ಇಲ್ಲವೇ ಊರಿನ ಹೆಸರು. ಗೌಡ ಅಂತಲೇ ತೀರ್ಮಾನವಾದರೆ ಇಂಗ್ಲಿಷಿನಲ್ಲಿ 'ಡಬ್ಲ್ಯು' (Gowda) ಬರೆಯುತ್ತೀರೋ 'ಯು' (Gouda) ಬರೆಯುತ್ತೀರೋ ಇಬ್ಬರೂ ಈಗಲೇ ಒಪ್ಪಿಕೊಳ್ಳಿ. ಎರಡನೇ ಮಗು ಬಂದಾಗಲೂ ಅದೇ ಇರಲಿ.